ಅಕ್ಕನ ಮನೆಯ 42 ಮೀಟರ್ ಬೇಲಿ: ಕತ್ತರಿ ಕೆಲಸ ಕಡಿಮೆ ಮಾಡಿಕೊಂಡ ಒಂದು ಪ್ರಕರಣ

ಭಾವನಿಗೆ ಮೊಣಕಾಲು ನೋವು ಶುರುವಾದ ವರ್ಷವೇ ಅಕ್ಕನ ಮನೆಯ ಬೇಲಿ ಕೈಮೀರಿ ಹೋಯಿತು. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಅವರೇ ಉದ್ದ ಕತ್ತರಿ ಹಿಡಿದು ಏಣಿ ಹತ್ತುತ್ತಿದ್ದರು. ಆಗದೆ ಒಂದು ಮಳೆಗಾಲ ಬಿಟ್ಟರು, ಅಷ್ಟೇ. ಮಳೆ ನಿಲ್ಲುವ ಹೊತ್ತಿಗೆ ಬೇಲಿ ಆಳೆತ್ತರ ದಾಟಿತ್ತು. ಮೇಲಿನ ಕೊಂಬೆಗಳು ರಸ್ತೆಯ ಕಡೆ ಬಾಗಿದ್ದವು. ಕೆಳಗೆ ಮಾತ್ರ ಬರೀ ಕಾಂಡ, ಒಂದು ಎಲೆಯೂ ಇಲ್ಲ. ಬೀದಿ ನಾಯಿಗಳು ಆ ಸಂದಿನಲ್ಲಿ ಆರಾಮಾಗಿ ನುಸುಳಿ ಬರುತ್ತಿದ್ದವು.

ಅಕ್ಕ ಫೋನ್ ಮಾಡಿ, "ಇದನ್ನೆಲ್ಲ ಕಿತ್ತು ಹಾಕೋಣ. ನೋಡಿಕೊಳ್ಳೋ ಕೆಲಸವೇ ಇಲ್ಲದ ಗಿಡ ಯಾವುದಾದ್ರೂ ಇದ್ರೆ ಹೇಳು" ಎಂದಳು. ನಾನು ಬಹಳ ವರ್ಷಗಳಿಂದ ತೋಟದ ಕೆಲಸದಲ್ಲೇ ಇದ್ದೇನೆ. ಈ ಪ್ರಶ್ನೆಯನ್ನು ಎಷ್ಟೋ ಜನ ಕೇಳಿದ್ದಾರೆ. ಎಲ್ಲರೂ ಒಂದು ಗಿಡದ ಹೆಸರು ಕೇಳುತ್ತಾರೆ. ಹೆಸರು ಹೇಳಿಬಿಡುವುದು ಸುಲಭ. ಆದರೆ ಒಂದು ಕಡೆ ತಾನಾಗಿಯೇ ಚೆನ್ನಾಗಿ ನಿಲ್ಲುವ ಗಿಡ ಹತ್ತು ಹೆಜ್ಜೆ ಆಚೆ ಸೊರಗಿ ಸಾಯಬಹುದು. ಅಕ್ಕನ ಮನೆಯಲ್ಲಿ ಹಾಗೇ ಆಯಿತು ಕೂಡ. ಆ ಬೇಲಿಯ ಐದು ವರ್ಷದ ವಿವರ ಇದು. ಸರಿಹೋದದ್ದನ್ನೂ ಬರೆದಿದ್ದೇನೆ, ಕೆಟ್ಟದ್ದನ್ನೂ ಬರೆದಿದ್ದೇನೆ.

ಹಳೆಯ ಬೇಲಿ

ಇದ್ದದ್ದು ಡುರಾಂಟ. ಮುಂದೆ 14 ಮೀಟರ್, ಪಕ್ಕದಲ್ಲಿ 18, ಹಿಂದೆ 10. ಒಟ್ಟು 42 ಮೀಟರ್, ಮೂರು ಬದಿಗೂ ಅದೊಂದೇ ಗಿಡ. ಸಸಿ ಕೊಟ್ಟವರು "ಬೇಗ ಬೆಳೆಯುತ್ತೆ, ಏನೂ ನೋಡಿಕೊಳ್ಳಬೇಕಾಗಿಲ್ಲ" ಎಂದು ಹೇಳಿದ್ದರಂತೆ. ಮೊದಲರ್ಧ ನಿಜ. ಆದರೆ ಬೇಗ ಬೆಳೆಯುವುದು ಮತ್ತು ಕೆಲಸ ಕಡಿಮೆ ಇರುವುದು, ಇವೆರಡೂ ಒಂದೇ ಗಿಡದಲ್ಲಿ ಸಿಗುವುದಿಲ್ಲ. ಮೊದಲ ವರ್ಷ ಬೇಗ ಬೆಳೆದು ಖುಷಿ ಕೊಟ್ಟ ಗಿಡ ಆರನೇ ವರ್ಷವೂ ಅಷ್ಟೇ ಬೇಗ ಬೆಳೆಯುತ್ತದೆ. ಬೇಲಿ ಸಾಕಷ್ಟು ಎತ್ತರ ಆಯಿತು, ಇನ್ನು ನಿಲ್ಲಿಸೋಣ ಅಂತ ಅದಕ್ಕೇನು ಗೊತ್ತು? ಡುರಾಂಟವನ್ನು ಅದರ ಪಾಡಿಗೆ ಬಿಟ್ಟರೆ 5-6 ಮೀಟರ್‌ವರೆಗೂ ಹೋಗುತ್ತದೆ. ಅದನ್ನು 1.8 ಮೀಟರಿಗೆ ಹಿಡಿದಿಡುವುದೆಂದರೆ ಪ್ರತಿ ತಿಂಗಳೂ ಅದರ ಜೊತೆ ಗುದ್ದಾಡಬೇಕು.

ಎಷ್ಟು ಗುದ್ದಾಟ ಎಂದು ನಾವು ಲೆಕ್ಕ ಹಾಕಿದೆವು. ಬೇಲಿಯ ಎತ್ತರ 1.8 ಮೀಟರ್, ದಪ್ಪ 0.9 ಮೀಟರ್. ಎರಡು ಮುಖ ಮತ್ತು ನೆತ್ತಿ ಸೇರಿದರೆ ಪ್ರತಿ ಮೀಟರ್ ಉದ್ದಕ್ಕೆ 4.5 ಚದರ ಮೀಟರ್ ಸವರಬೇಕು. 42 ಮೀಟರಿಗೆ 189 ಚದರ ಮೀಟರ್. ಭಾವ ವರ್ಷಕ್ಕೆ ಸುಮಾರು ಒಂಬತ್ತು ಸಲ ಸವರುತ್ತಿದ್ದರು. ಅಂದರೆ ವರ್ಷಕ್ಕೆ 1,701 ಚದರ ಮೀಟರ್ ಕತ್ತರಿ ಕೆಲಸ. ಕೆಳಗೆ ಬಿದ್ದ ಸೊಪ್ಪು ಗುಡಿಸಿ ಹೊತ್ತು ಹಾಕುವುದು ಬೇರೆ. ಕಾಗದದ ಮೇಲೆ ಆ ಸಂಖ್ಯೆ ನೋಡಿ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನೂ ಮೂರು ತೊಂದರೆಗಳಿದ್ದವು. ಒಂದು, ಸಾಲನ್ನು ಗಡಿಯಿಂದ ಬರೀ 20 ಸೆಂ.ಮೀ. ಒಳಗೆ ನೆಟ್ಟಿದ್ದರು. ಹಾಗಾಗಿ ಪಕ್ಕದ ಮುಖ ಸವರಬೇಕೆಂದರೆ ಪ್ರತಿ ಸಲ ಪಕ್ಕದ ಮನೆಯವರನ್ನು ಕೇಳಿ ಅವರ ಅಂಗಳಕ್ಕೆ ಹೋಗಬೇಕು. ಒಳ್ಳೆಯವರು, ಬೇಡ ಎನ್ನುತ್ತಿರಲಿಲ್ಲ. ಆದರೂ ವರ್ಷಕ್ಕೆ ಒಂಬತ್ತು ಸಲ ಕೇಳುವುದು ಅಕ್ಕನಿಗೆ ಮುಜುಗರ. ಎರಡು, ಬೇಲಿಯ ನೆತ್ತಿ ಅಗಲವಾಗಿ, ಬುಡ ಕಿರಿದಾಗಿ ಬೆಳೆದಿತ್ತು. ಮೇಲಿನ ಸೊಪ್ಪೇ ಕೆಳಗಿನ ಸೊಪ್ಪಿಗೆ ಬಿಸಿಲು ತಪ್ಪಿಸಿತ್ತು. ಬುಡ ಬೋಳಾದದ್ದು ಅದಕ್ಕೇ. ಮೂರು, ಹಣ್ಣು. ಡುರಾಂಟದ ಸಣ್ಣ ಹಳದಿ ಹಣ್ಣುಗಳ ಗೊಂಚಲು ನೋಡಲು ಮಣಿಸರದ ಹಾಗಿರುತ್ತದೆ, ಆದರೆ ವಿಷ. ಮೂರು ವರ್ಷದ ಮೊಮ್ಮಗಳು ಬಂದಾಗಲೆಲ್ಲ ಯಾರಾದರೂ ಒಬ್ಬರು ಅವಳ ಹಿಂದೆಯೇ ಇರಬೇಕಾಗುತ್ತಿತ್ತು. ಬೇರೆ ಏನು ಇಲ್ಲದಿದ್ದರೂ ಇದೊಂದೇ ಕಾರಣಕ್ಕೆ ನಾನು ಆ ಬೇಲಿ ತೆಗೆಸುತ್ತಿದ್ದೆ.

ನೆಲ ನೋಡಿದ್ದು

ಗಿಡದ ಹೆಸರು ಮಾತಾಡುವ ಮೊದಲು ಮೂರೂ ಬದಿ ನಡೆದು ನೋಡೋಣ ಎಂದೆ. ಕೈಯಲ್ಲಿ ಅಳತೆ ಟೇಪು, ಹಾರೆ, ಒಂದು ಬಕೆಟ್ ನೀರು, ಅಡುಗೆಮನೆಯ ವಿನೆಗರ್ ಬಾಟಲಿ.

ಮುಂದಿನ ಬದಿಗೆ ದಿನವಿಡೀ ಬಿಸಿಲು, ರಸ್ತೆಯ ದೂಳು. ಅಲ್ಲಿ ಮೊಣಕಾಲೆತ್ತರದ ಸಿಮೆಂಟ್ ಗೋಡೆ ಇದೆ, ಅದರ ಒಳಗೆ ಬೇಲಿ. ಒಂದು ಅಡಿ ಆಳ ಗುಂಡಿ ತೋಡಿ ನೀರು ಸುರಿದೆವು. ಅರ್ಧ ಗಂಟೆಯಲ್ಲಿ ಖಾಲಿ. ಮಣ್ಣಿನಲ್ಲಿ ಗಾರೆಯ ಚೂರು, ಜಲ್ಲಿ, ಇಟ್ಟಿಗೆ ಪುಡಿ. ಮನೆ ಕಟ್ಟಿದಾಗ ಉಳಿದದ್ದನ್ನೆಲ್ಲ ಅಲ್ಲೇ ತುಂಬಿದ್ದರು. ಒಂದು ಹಿಡಿ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿದಾಗ ಸಣ್ಣಗೆ ಬುಸ್ ಎಂದು ನೊರೆ ಬಂತು. ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಇದೆ ಎಂದು ಅರ್ಥ. ಅಕ್ಕ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಪಕ್ಕದ ಬದಿಯ ಮಣ್ಣಿಗೂ ಹನಿಸಿ, ಬಗ್ಗಿ ಕಿವಿ ಕೊಟ್ಟಳು. ಅಲ್ಲಿ ಸದ್ದಿಲ್ಲ.

ಪಕ್ಕದ ಬದಿಯಲ್ಲಿ ದೊಡ್ಡ ಹೊಂಗೆ ಮರ. 18 ಮೀಟರಿನಲ್ಲಿ ಮುಕ್ಕಾಲು ಪಾಲು ನೆರಳು. ಹಾರೆ ಹಾಕಿದಲ್ಲೆಲ್ಲ ಬೇರು. ಇಂಥ ಜಾಗದ ಮಣ್ಣು ತಂಪಾಗಿ ಕಂಡರೂ ಒಳಗೆ ಒಣಗಿರುತ್ತದೆ, ಯಾಕೆಂದರೆ ಬಿದ್ದ ನೀರನ್ನು ಮೊದಲು ಕುಡಿಯುವುದು ಮರ.

ಹಿಂದೆ ಖಾಲಿ ಜಾಗ, ದನಗಳು ಬರುವ ದಾರಿ. ಮಣ್ಣು ಜಿಗಟು. ಸಂಜೆ ಗುಂಡಿಗೆ ಸುರಿದ ನೀರು ಬೆಳಿಗ್ಗೆಯೂ ಗೇಣುದ್ದ ನಿಂತಿತ್ತು.

ಒಂದೇ ಮನೆ, ಆದರೆ ಮೂರು ಬಗೆಯ ನೆಲ. ಹಾಗಾದರೆ ಮೂರು ಬದಿಗೂ ಒಂದೇ ಗಿಡ ಯಾಕೆ? ನೋಡಲು ಒಂದೇ ಸಮ ಇರಲಿ ಎನ್ನುವುದು ಬಿಟ್ಟರೆ ಬೇರೆ ಕಾರಣ ನನಗೆ ಕಾಣಲಿಲ್ಲ. ಒಂದೇ ಗಿಡದ ಉದ್ದ ಸಾಲಿಗೆ ಒಂದು ರೋಗ ಹತ್ತಿದರೆ ಇಡೀ ಬೇಲಿ ಹೋಗುವ ಭಯವೂ ಇದೆ. ಮೂರು ಬದಿಗೆ ಮೂರು ಗಿಡ ಎಂದು ಅಲ್ಲೇ ತೀರ್ಮಾನವಾಯಿತು.

ಬೇಡವೆಂದ ಗಿಡಗಳು

ಅಕ್ಕನ ಮನಸ್ಸಿನಲ್ಲಿದ್ದದ್ದು ಕಾಮಿನಿ. ಕೆಲವರು ಮಧುಕಾಮಿನಿ ಎನ್ನುತ್ತಾರೆ. ಬಿಳಿ ಹೂ, ಸಂಜೆಯ ಪರಿಮಳ, ಹೊಳೆಯುವ ಹಸಿರು ಎಲೆ, ನಿಧಾನ ಬೆಳವಣಿಗೆ. ಬೇಲಿಗೆ ನಿಜಕ್ಕೂ ಒಳ್ಳೆಯ ಗಿಡ. ನಾನೂ ಹೌದು ಎನ್ನುವವನಿದ್ದೆ. ಆಗ ಬಾವಿಯ ಹತ್ತಿರದ ನಿಂಬೆ ಗಿಡ ಕಣ್ಣಿಗೆ ಬಿತ್ತು.

ಕಾಮಿನಿ, ನಿಂಬೆ, ಕರಿಬೇವು ಮೂರೂ ಒಂದೇ ಕುಟುಂಬದ ಗಿಡಗಳು. ಇವುಗಳ ಎಳೆ ಚಿಗುರಿನ ಮೇಲೆ ಸಿಲ್ಲಾ ಎಂಬ ಪುಟ್ಟ ಕೀಟ ಕೂತು ರಸ ಹೀರುತ್ತದೆ. ಮೂರು ನಾಲ್ಕು ಮಿಲಿಮೀಟರ್ ಇರುತ್ತದೆ, ಅಷ್ಟೇ. ನಿಂಬೆ, ಕಿತ್ತಳೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುವುದು ಇದೇ ಕೀಟ. ಆ ರೋಗ ಬಂದ ಗಿಡವನ್ನು ಉಳಿಸುವ ಮದ್ದು ಇಲ್ಲ. ಕಾಮಿನಿ ಬೇಲಿಯನ್ನು ಸವರಿದಾಗಲೆಲ್ಲ ಹೊಸ ಚಿಗುರು ಬರುತ್ತದೆ, ಆ ಚಿಗುರೇ ಕೀಟಕ್ಕೆ ಬೇಕಾದದ್ದು. ಹದಿನೈದು ವರ್ಷದ ನಿಂಬೆ ಗಿಡದ ಪಕ್ಕದಲ್ಲಿ ಹದಿನಾಲ್ಕು ಮೀಟರ್ ಕಾಮಿನಿ ನೆಡುವುದೆಂದರೆ ಕೀಟಕ್ಕೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ. ಅಕ್ಕನಿಗೆ ಬೇಸರವಾಯಿತು. "ನಿಂಬೆ ಇಲ್ಲದಿದ್ರೆ ಹಾಕಬಹುದಿತ್ತಾ?" ಎಂದು ಕೇಳಿದಳು. ಹಾಕಬಹುದಿತ್ತು. ನಿಂಬೆ, ಕಿತ್ತಳೆ, ಮೋಸಂಬಿ ಯಾವುದೂ ಹತ್ತಿರ ಇಲ್ಲದ ಮನೆಗೆ ನಾನೇ ಹೇಳುತ್ತೇನೆ.

ಭಾವ ಕೇಪಳ ಹೇಳಿದರು. ದಟ್ಟವಾಗಿ, ತಗ್ಗಾಗಿ, ನಿಧಾನವಾಗಿ ಬೆಳೆಯುತ್ತದೆ. ಆದರೆ ಅದಕ್ಕೆ ಸ್ವಲ್ಪ ಹುಳಿ ಮಣ್ಣು ಬೇಕು. ಸುಣ್ಣ ಇರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಸಿಮೆಂಟ್ ಗೋಡೆಯ ಬುಡದಲ್ಲಿ ಕೇಪಳ ಹಾಕಿದವರ ಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ವಿನೆಗರ್ ನೊರೆ ನೋಡಿದ ಮೇಲೆ ಅದನ್ನು ಕೈಬಿಟ್ಟೆವು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಣಗಿಲೆಗೆ ಬಿಸಿಲು, ಬರ, ದೂಳು ಯಾವುದೂ ಲೆಕ್ಕಕ್ಕಿಲ್ಲ. ಆದರೆ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ, ಸುಟ್ಟರೆ ಹೊಗೆಯೂ ವಿಷ. ಮಗು ಇರುವ ಮನೆಗೆ ಬೇಡ. ಬೊಂತೆಗಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಲಂಟಾನ ಹಕ್ಕಿಗಳಿಂದ ಬೀಜ ಹರಡಿ ಊರೆಲ್ಲ ಕಳೆಯಾಗುತ್ತದೆ, ದನಕ್ಕೂ ವಿಷ. ಫೈಕಸ್, ಅಂದರೆ ಆಲ, ಅರಳಿ ಜಾತಿಯವು, ಮರಗಳು. ಕತ್ತರಿಯಿಂದ ಗಿಡದ ಎತ್ತರಕ್ಕೆ ತಂದರೂ ಬೇರು ಮರದ್ದೇ, ಗೋಡೆ ಸೀಳುತ್ತದೆ. ಕಾಗದದ ಹೂವಿನ ಬಳ್ಳಿ ಕಣ್ಣಿಗೆ ಹಬ್ಬ, ಆದರೆ ಅದರ ಉದ್ದುದ್ದ ಮುಳ್ಳು ಕೊಂಬೆ ಹಿಡಿದು ಸವರುವುದು ಡುರಾಂಟಕ್ಕಿಂತ ಕಷ್ಟ. ಮದರಂಗಿ ಕೊನೆಯವರೆಗೂ ಪಟ್ಟಿಯಲ್ಲಿತ್ತು. ಒಣ ನೆಲಕ್ಕೆ ಹೇಳಿ ಮಾಡಿಸಿದ ಗಿಡ ಅದು. ನೀರು ತೀರಾ ಕಡಿಮೆಯಾದಾಗ ಎಲೆ ಉದುರಿಸಿ ಬೋಳಾಗುತ್ತದೆ ಎನ್ನುವುದೊಂದೇ ಕೊರತೆ. ಮನೆಯ ಮುಂದೆ ಮರೆ ಬೇಕು ಎಂದವರಿಗೆ ಅದು ಒಪ್ಪಲಿಲ್ಲ.

ಆರಿಸಿದ ಮೂರು

ಮುಂದಿನ ಬದಿಗೆ ಬಂದರಿಕೆ. ಹಂಗರಿಕೆ ಎಂದೂ ಕರೆಯುತ್ತಾರೆ. ಬರಡು ಗುಡ್ಡಗಳ ಮೇಲೆ ಯಾರ ಆರೈಕೆಯೂ ಇಲ್ಲದೆ ಹಸಿರಾಗಿರುವ ಪೊದೆ. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಸ್ವಲ್ಪ ಅಂಟುತ್ತದೆ. ಆ ಅಂಟು ಎಲೆಯ ನೀರು ಬೇಗ ಆರದಂತೆ ಕಾಯುತ್ತದೆ. ದನ, ಆಡು ಅದರ ಕಡೆ ತಲೆಹಾಕುವುದು ಕಡಿಮೆ. ಸುಣ್ಣದ ಮಣ್ಣು, ಜಲ್ಲಿ, ಗಾಳಿ, ಬಿಸಿಲು ಎಲ್ಲವನ್ನೂ ತಡೆಯುತ್ತದೆ. ತಡೆಯದೆ ಇರುವುದು ನಿಂತ ನೀರೊಂದನ್ನೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹೊಂಗೆಯ ನೆರಳಿಗೆ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಆ ಆಡೂ ಮುಟ್ಟದ ಸೊಪ್ಪು ಇದು. ಅರೆನೆರಳಿನಲ್ಲೂ ಎಲೆ ದೊಡ್ಡದಾಗಿ, ದಟ್ಟವಾಗಿ ಬರುತ್ತದೆ. ಬುಡದವರೆಗೆ ಕಡಿದರೂ ಮತ್ತೆ ಚಿಗುರುತ್ತದೆ. ಸಸಿಯೇ ಬೇಕಾಗಿಲ್ಲ, ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ಬಿಟ್ಟರೆ ಎರಡು ಎರಡೂವರೆ ಮೀಟರ್ ಹೋಗುವ ಗಿಡ, ನಮಗೆ ಬೇಕಾದದ್ದು ಒಂದೂವರೆ. ಅಂತರ ಕಡಿಮೆ. ನಾನು ಗಿಡ ಆರಿಸುವಾಗ ಮೊದಲು ನೋಡುವುದು ಈ ಅಂತರವನ್ನೇ. ಬೇಕಾದ ಎತ್ತರಕ್ಕೂ ಗಿಡದ ಸ್ವಂತ ಎತ್ತರಕ್ಕೂ ಎಷ್ಟು ಅಂತರವೋ ಅಷ್ಟು ಕತ್ತರಿ ಕೆಲಸ.

ಹಿಂದಿನ ಬದಿಗೆ ಕರಂಡೆ. ಕವಳೆ ಎಂದರೆ ಹೆಚ್ಚು ಜನಕ್ಕೆ ಗೊತ್ತಾಗಬಹುದು. ಕವಲೊಡೆದ ಗಟ್ಟಿ ಮುಳ್ಳು, ವರ್ಷವಿಡೀ ಹಸಿರು, ನಿಧಾನ ಬೆಳವಣಿಗೆ. ದನ ತಡೆಯಲು ಇದಕ್ಕಿಂತ ಒಳ್ಳೆಯ ಬೇಲಿ ನಾನು ಕಂಡಿಲ್ಲ. ಮೊಮ್ಮಗಳು ಆಡುವುದು ಮುಂದೆ ಮತ್ತು ಪಕ್ಕದಲ್ಲಿ, ಹಾಗಾಗಿ ಮುಳ್ಳು ಹಿಂದಿದ್ದರೆ ಅಡ್ಡಿಯಿಲ್ಲ.

ಕರಂಡೆಯ ಬೇಲಿಗೆ ದೊಡ್ಡ ಇತಿಹಾಸವೇ ಇದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಉಪ್ಪಿನ ಸುಂಕ ತಪ್ಪಿಸುವವರನ್ನು ತಡೆಯಲು ಉತ್ತರ ಭಾರತದ ಉದ್ದಕ್ಕೂ ಮುಳ್ಳಿನ ಬೇಲಿ ಹಾಕಿಸಿತ್ತು. ಮೊದಲು ಕಡಿದು ತಂದ ಒಣ ಮುಳ್ಳು. ಅದನ್ನು ಗೆದ್ದಲು ತಿಂದಿತು, ಬೆಂಕಿ ಸುಟ್ಟಿತು, ಗಾಳಿ ಹೊತ್ತೊಯ್ದಿತು. 1867ರಿಂದ 1870ರವರೆಗೆ ಅಲ್ಲಿನ ಸುಂಕದ ಕಮಿಷನರ್ ಆಗಿದ್ದವರು ಅಲನ್ ಆಕ್ಟೇವಿಯನ್ ಹ್ಯೂಮ್. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರು. ಅವರು ಒಣ ಬೇಲಿಯ ಬದಲು ಜೀವಂತ ಬೇಲಿ ಬೆಳೆಸಲು ಹೊರಟರು. ಜಾಗಕ್ಕೆ ತಕ್ಕ ಹಾಗೆ ಕರಂಡೆ, ಜಾಲಿ, ಬೋರೆ, ಕಳ್ಳಿ ಹಾಕಿಸಿದರು. ಮಣ್ಣು ಕೆಟ್ಟದ್ದಿದ್ದಲ್ಲಿ ಬೇರೆ ಮಣ್ಣು ತುಂಬಿಸಿದರು. ನೀರು ನುಗ್ಗುವಲ್ಲಿ ಬದು ಎತ್ತರಿಸಿ ಅದರ ಮೇಲೆ ನೆಡಿಸಿದರು. ಚೆನ್ನಾಗಿ ಬಂದ ಕಡೆ ಆ ಬೇಲಿ 10ರಿಂದ 14 ಅಡಿ ಎತ್ತರ, 6ರಿಂದ 12 ಅಡಿ ದಪ್ಪ ಇತ್ತು. 1879ರಲ್ಲಿ ಅದನ್ನು ಕೈಬಿಟ್ಟರು. ಜನರಿಗೆ ಉಪ್ಪು ಸಿಗದಂತೆ ಮಾಡಿದ ಬೇಲಿ ಅದು, ಅದರ ಉದ್ದೇಶವನ್ನು ನಾನು ಹೊಗಳಲಾರೆ. ಆದರೆ ನೀರು ನಿಲ್ಲುವಲ್ಲಿ ಬದು ಹಾಕಿ ಕರಂಡೆ ನೆಡುವ ಪಾಠ ನಮ್ಮ ಹತ್ತು ಮೀಟರಿಗೂ ಬೇಕಾಗಿತ್ತು, ಯಾಕೆಂದರೆ ಕರಂಡೆಯ ಬೇರಿಗೂ ನಿಂತ ನೀರು ಆಗದು.

ನೆಟ್ಟದ್ದು

ಡುರಾಂಟ ತೆಗೆಯುವುದೇ ಮೂರು ದಿನದ ಕೆಲಸವಾಯಿತು. ಬುಡಕ್ಕೆ ಕಡಿದು ಬಿಟ್ಟರೆ ಅದು ಮತ್ತೆ ಚಿಗುರುತ್ತದೆ. ಪಿಕಾಸಿ ಹಾಕಿ ಬೇರು ಸಮೇತ ಎಬ್ಬಿಸಬೇಕು. ಹಣ್ಣಿದ್ದ ಕೊಂಬೆಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಬೇರೆ ಮಾಡಿದೆವು.

ಹೊಸ ಸಾಲನ್ನು ಗಡಿಯಿಂದ ಒಳಗೆ ತಂದೆವು. ಮುಂದೆ ಮತ್ತು ಪಕ್ಕದಲ್ಲಿ 80-90 ಸೆಂ.ಮೀ., ಹಿಂದೆ ಒಂದು ಮೀಟರ್. ಭಾವನಿಗೆ ಇದು ಒಪ್ಪಿಗೆಯಾಗಲಿಲ್ಲ. "ಅಷ್ಟು ಜಾಗ ಸುಮ್ನೆ ಬಿಡೋದಾ?" ಎಂದರು. "ಆ ಜಾಗದಲ್ಲಿ ನೀವು ನಿಂತು ಬೇಲಿ ಸವರಬೇಕು ಭಾವ" ಎಂದೆ. ಬೇಲಿಯ ಮುಂದಿನ ದಪ್ಪದ ಅರ್ಧ ಮತ್ತು ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ, ಇಷ್ಟು ಬಿಟ್ಟರೆ ಯಾರ ಅಂಗಳಕ್ಕೂ ಹೋಗಬೇಕಾಗಿಲ್ಲ.

ಬಂದರಿಕೆ 60 ಸೆಂ.ಮೀ. ಗೆ ಒಂದರಂತೆ 24 ಸಸಿ. ಆಡುಸೋಗೆ 75 ಸೆಂ.ಮೀ. ಗೆ ಒಂದರಂತೆ 25. ಹಿಂದೆ 30 ಸೆಂ.ಮೀ. ಎತ್ತರ, 1.2 ಮೀಟರ್ ಅಗಲದ ಬದು ಹಾಕಿ ಅದರ ಮೇಲೆ ಕರಂಡೆ ಎರಡು ಸಾಲು. ಒಂದು ಸಾಲಿನ ಎರಡು ಗಿಡಗಳ ನಡುವಿನ ಸಂದಿಗೆ ಎದುರಾಗಿ ಇನ್ನೊಂದು ಸಾಲಿನ ಗಿಡ ಬರುವಂತೆ ಒಟ್ಟು 27. ಹತ್ತಿರ ಹತ್ತಿರ ನೆಟ್ಟರೆ ಬೇಲಿ ಬೇಗ ತುಂಬುತ್ತದೆ ಎಂದು ಅಡಿಗೊಂದು ಗಿಡ ಹಾಕುವವರಿದ್ದಾರೆ. ತುಂಬುವುದು ನಿಜ. ಆಮೇಲೆ ಗಿಡಗಳು ಬಿಸಿಲಿಗಾಗಿ ಪೈಪೋಟಿಗೆ ಬಿದ್ದು ಮೇಲಕ್ಕೆ ಓಡುತ್ತವೆ, ಬುಡ ಬೋಳಾಗುತ್ತದೆ. ಪ್ರತಿ ಜಾತಿಯ ನಾಲ್ಕೈದು ಸಸಿಗಳನ್ನು ಚೀಲದಲ್ಲೇ ಉಳಿಸಿಕೊಂಡೆವು. ಸತ್ತ ಗಿಡದ ಜಾಗಕ್ಕೆ ಅದೇ ವಯಸ್ಸಿನದು ಬೇಕು. ಎರಡು ವರ್ಷ ಬಿಟ್ಟು ಪುಟ್ಟ ಸಸಿ ತಂದು ನೆಟ್ಟರೆ ಪಕ್ಕದವು ಅದನ್ನು ಮೇಲೇಳಲು ಬಿಡುವುದಿಲ್ಲ.

ಸಾಲಿನ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿದೆವು. ಹೊಂಗೆಯೇ ಬೇಕಾದಷ್ಟು ಉದುರಿಸುತ್ತದೆ. ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಡಬೇಕು, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಮೊದಲ ಕತ್ತರಿ

ಮೂರು ತಿಂಗಳಿಗೆ ಸಸಿಗಳು ಬೇರೂರಿ ಸೊಂಟದೆತ್ತರ ಬಂದವು. ಎಲ್ಲರಿಗೂ ಖುಷಿ. ಆಗ ನಾನು ಹೋಗಿ ಎಲ್ಲವನ್ನೂ ಕತ್ತರಿಸಬೇಕು ಎಂದೆ. ಕರಂಡೆ ಮತ್ತು ಆಡುಸೋಗೆಯನ್ನು ನೆಲದಿಂದ ಒಂದು ಗೇಣಿಗೆ. ಬಂದರಿಕೆಯನ್ನು ಅಷ್ಟು ಕೆಳಗಲ್ಲ, ಮೇಲಿನ ಮೂರನೇ ಒಂದು ಭಾಗ ಮಾತ್ರ.

ಅಕ್ಕ ಕಣ್ಣು ಮುಚ್ಚಿಕೊಂಡಳು. ಭಾವ ಮೊದಲ ಗಿಡದ ಮುಂದೆ ಕತ್ತರಿ ತೆರೆದು ಹಾಗೇ ನಿಂತುಬಿಟ್ಟರು. "ಇಷ್ಟು ಚೆನ್ನಾಗಿ ಬಂದಿದೆಯಲ್ಲಪ್ಪಾ" ಎಂದರು. ನಾನು ಒಂದು ಆಡುಸೋಗೆಯನ್ನು ಕತ್ತರಿಸಿ, ಕಾಂಡದ ಗೆಣ್ಣುಗಳನ್ನು ತೋರಿಸಿದೆ. ಪ್ರತಿ ಗೆಣ್ಣಿನಲ್ಲೂ ಎದುರು ಬದುರಾಗಿ ಎರಡು ಸಾಸಿವೆ ಗಾತ್ರದ ಮೊಗ್ಗು. ತುದಿ ಇರುವವರೆಗೆ ಅವು ಮಲಗಿಯೇ ಇರುತ್ತವೆ. ತುದಿ ಹೋದರೆ ಏಳುತ್ತವೆ. ಮೂರು ವಾರ ಬಿಟ್ಟು ಅಕ್ಕ ಫೋಟೋ ಕಳಿಸಿದಳು. ಒಂದು ಕಾಂಡ ಇದ್ದಲ್ಲಿ ನಾಲ್ಕು ಚಿಗುರು, ಅದೂ ನೆಲದ ಹತ್ತಿರದಿಂದಲೇ.

ಬೇಲಿಯ ಬುಡ ತುಂಬುವುದು ಆ ಒಂದು ವರ್ಷದಲ್ಲಿ ಮಾತ್ರ. ಮೊದಲು ಎತ್ತರ ಬರಲಿ, ಆಮೇಲೆ ಸವರೋಣ ಎಂದವರ ಬೇಲಿ ಎಲ್ಲ ಮೇಲೆ ಛತ್ರಿ, ಕೆಳಗೆ ಕಂಬ. ನಮ್ಮ ಹಳೆಯ ಡುರಾಂಟಕ್ಕೂ ಆಗಿದ್ದು ಅದೇ. ಆಮೇಲಿನ ಪ್ರತಿ ಸವರುವಿಕೆಯಲ್ಲೂ ಬುಡ ಅಗಲ, ನೆತ್ತಿ ಕಿರಿದು ಇರುವಂತೆ ನೋಡಿಕೊಂಡೆವು. ಭಾವ ಎರಡು ಕೋಲು ಓರೆಯಾಗಿ ನಿಲ್ಲಿಸಿ ದಾರ ಕಟ್ಟಿ, ಆ ಗೆರೆ ಹಿಡಿದು ಕತ್ತರಿಸುತ್ತಾರೆ. ಹಾಗೆ ಮಾಡಿದರೆ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ.

ಮೊದಲ ಎರಡು ವರ್ಷ ಕೆಲಸ ಕಡಿಮೆ ಇರಲಿಲ್ಲ, ಇದನ್ನು ಬಿಚ್ಚಿ ಹೇಳಬೇಕು. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು. ದಿನವೂ ಚಿಮುಕಿಸುವುದಲ್ಲ, ನೀರು ಮಣ್ಣಿನ ಆಳಕ್ಕೆ ಇಳಿಯುವಷ್ಟು. ಹಾಗೆ ಕೊಟ್ಟರೆ ಬೇರು ನೀರು ಹುಡುಕಿ ಕೆಳಗೆ ಹೋಗುತ್ತದೆ. ಎರಡನೇ ಬೇಸಿಗೆಗೆ ಹತ್ತು ದಿನಕ್ಕೊಮ್ಮೆ. ಮೂರನೆಯದಕ್ಕೆ ನಿಲ್ಲಿಸಿದೆವು. ಕಳೆ ಕೀಳುವುದಂತೂ ಮೊದಲ ಮಳೆಗಾಲದಲ್ಲಿ ತಪ್ಪಿಸುವ ಹಾಗೇ ಇರಲಿಲ್ಲ.

ಕೆಟ್ಟದ್ದು

ಎರಡನೇ ಮಳೆಗಾಲದಲ್ಲಿ ಗೇಟಿನ ಪಕ್ಕದ ಐದು ಬಂದರಿಕೆ ಗಿಡಗಳು ಸತ್ತವು. ಮೊದಲು ಎಲೆ ಮಂಕಾಯಿತು. ನೀರು ಸಾಲದೇನೋ ಎಂದು ಅಕ್ಕ ಇನ್ನೂ ನೀರು ಹಾಕಿದಳು. ಹತ್ತು ದಿನಕ್ಕೆ ಗಿಡ ಕಂದಾಯಿತು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕೈಗೇ ಬಂತು, ಕೊಳೆತ ವಾಸನೆ. ಚಾವಣಿಯ ನೀರಿನ ಪೈಪು ಅಲ್ಲಿಗೇ ಬಂದು ಬೀಳುತ್ತಿತ್ತು. ಕಾರು ತೊಳೆದ ನೀರೂ ಅಲ್ಲೇ. ನಾನು ಗುಂಡಿ ತೋಡಿ ನೋಡಿದ್ದು ಮುಂದಿನ ಬದಿಯ ನಡುವೆ ಮಾತ್ರ, ಗೇಟಿನ ಮೂಲೆಯನ್ನು ನೋಡಿರಲಿಲ್ಲ. ತಪ್ಪು ನನ್ನದೇ. ಈಗ ಯಾರ ಮನೆಗೆ ಹೋದರೂ ಪ್ರತಿ ಬದಿಯ ಎರಡೂ ತುದಿಯಲ್ಲಿ ಗುಂಡಿ ತೋಡುತ್ತೇನೆ. ಪೈಪನ್ನು ಚರಂಡಿಗೆ ತಿರುಗಿಸಿ, ಕೊಳೆತ ಮಣ್ಣು ತೆಗೆದು, ಒಂದು ತಿಂಗಳು ಒಣಗಲು ಬಿಟ್ಟು, ಚೀಲದಲ್ಲಿದ್ದ ಸಸಿಗಳನ್ನು ನೆಟ್ಟೆವು. ಉಳಿದವು.

ಅದೇ ವರ್ಷ ಭಾವ ಪ್ರೀತಿಯಿಂದ ಆಡುಸೋಗೆಗೆ ಯೂರಿಯಾ ಹಾಕಿಬಿಟ್ಟರು. ಎಳಸು ಕೊಂಬೆಗಳು ಸರಸರ ಎದ್ದು ಬಾಗಿದವು, ಆ ಮಳೆಗಾಲ ಎರಡು ಸಲ ಜಾಸ್ತಿ ಸವರಬೇಕಾಯಿತು. ಬೇರೂರಿದ ಬೇಲಿಗೆ ಗೊಬ್ಬರ ಬೇಡ. ಬುಡದಲ್ಲಿ ಕೊಳೆಯುವ ತರಗೆಲೆಯೇ ಸಾಕು.

ಇನ್ನೊಂದು ಸರಿಹೋಗಲೇ ಇಲ್ಲ. ಹೊಂಗೆಯ ಬುಡಕ್ಕೆ ತಾಗಿದ ಮೂರು ಮೀಟರಿನಲ್ಲಿ ಆಡುಸೋಗೆ ಬದುಕಿದೆ, ಆದರೆ ದಟ್ಟವಾಗಿಲ್ಲ. ಆಚೆ ಬದಿ ಕಾಣುತ್ತದೆ. ಬೇರು ಕಡಿದು ಮಣ್ಣು ತುಂಬಬಹುದಿತ್ತು. ಆದರೆ ನಲವತ್ತು ವರ್ಷದ ಮರದ ಬೇರು ಕಡಿಯಲು ನನಗೆ ಮನಸ್ಸಾಗಲಿಲ್ಲ, ಅಕ್ಕನಿಗೂ ಆಗಲಿಲ್ಲ. ಆ ಮೂರು ಮೀಟರ್ ಹಾಗೇ ಇದೆ.

ಐದನೇ ವರ್ಷ

ಈಗ ಮುಂದಿನ ಬೇಲಿಯ ಎತ್ತರ 1.5 ಮೀಟರ್, ದಪ್ಪ 0.7. ವರ್ಷಕ್ಕೆ ಎರಡು ಸಲ ಸವರುತ್ತಾರೆ. ಪ್ರತಿ ಸಲಕ್ಕೆ 52 ಚದರ ಮೀಟರ್, ಎರಡು ಸಲಕ್ಕೆ 104. ಪಕ್ಕದ ಆಡುಸೋಗೆಗೆ ವರ್ಷಕ್ಕೊಮ್ಮೆ, 70. ಒಣ ನೆರಳಿನಲ್ಲಿ ಅದು ಮೆಲ್ಲಗೆ ಬೆಳೆಯುವುದು ನಮಗೆ ಲಾಭವೇ ಆಯಿತು. ಹಿಂದಿನ ಕರಂಡೆಗೂ ಒಮ್ಮೆ, 42. ಒಟ್ಟು 216 ಚದರ ಮೀಟರ್. ಹಿಂದೆ 1,701 ಇತ್ತು. ಎಂಟರಲ್ಲಿ ಒಂದು ಪಾಲಿಗೆ ಇಳಿದಿದೆ. ಗಿಡ ನಿಧಾನವಾಗಿ ಬೆಳೆಯುವುದರಿಂದ ಬಂದದ್ದು ಇದರ ದೊಡ್ಡ ಪಾಲು. ಎತ್ತರವನ್ನು 1.8ರಿಂದ 1.5ಕ್ಕೆ ಇಳಿಸಿದ್ದರಿಂದಲೂ ಲಾಭವಾಗಿದೆ. ನಿಂತಲ್ಲೇ ನೆತ್ತಿಗೆ ಕತ್ತರಿ ಎಟುಕುತ್ತದೆ, ಏಣಿ ಬೇಡ. ಭಾವನ ಮೊಣಕಾಲಿಗೆ ಬೇಕಾಗಿದ್ದದ್ದು ಇದೇ. ರಸ್ತೆಯಲ್ಲಿ ನಡೆಯುವವರ ಕಣ್ಣಿಗೆ ಅಂಗಳ ಮರೆಯಾಗಲು 1.5 ಮೀಟರ್ ಸಾಕಾಗುತ್ತದಾ ಎಂದು ಅಕ್ಕನಿಗೆ ಅನುಮಾನವಿತ್ತು. ಜಗಲಿಯಲ್ಲಿ ಕೂತವರು ಹೊರಗಿನವರಿಗೆ ಕಾಣುವುದಿಲ್ಲ, ಅಷ್ಟು ಸಾಕು ಎಂದು ಈಗ ಅವಳೇ ಹೇಳುತ್ತಾಳೆ.

ದನ ಒಮ್ಮೆಯೂ ಒಳಗೆ ಬಂದಿಲ್ಲ. ನಾಯಿ ಬರುತ್ತದೆ, ಹೊಂಗೆಯ ಬುಡದ ಆ ಮೂರು ಮೀಟರಿನಲ್ಲಿ.

ಈ ವರ್ಷದ ಸವರುವಿಕೆ ಇನ್ನೂ ಪೂರ್ತಿಯಾಗಿಲ್ಲ. ಹಿಂದಿನ ಬೇಲಿಗೆ ಕತ್ತರಿ ಹಾಕುವ ಮೊದಲು ಭಾವ ಎಂದಿನಂತೆ ಕೊಂಬೆ ಸರಿಸಿ ಒಳಗೆ ನೋಡಿದರು. ಎದೆಯೆತ್ತರದಲ್ಲಿ, ಮುಳ್ಳುಗಳ ನಡುವೆ ಒಂದು ಪಿಕಳಾರದ ಗೂಡು. ಬಟ್ಟಲಿನಷ್ಟು ಗಾತ್ರ, ಒಳಗೆ ಕೆಂಪು ಚುಕ್ಕೆಯ ಮೂರು ಮೊಟ್ಟೆ. ಮೊಟ್ಟೆ ಒಡೆಯಲು ಎರಡು ವಾರ, ಮರಿ ಹಾರಲು ಇನ್ನೆರಡು ವಾರ ಬೇಕು. ಭಾವ ಕೊಂಬೆಯನ್ನು ಮೆಲ್ಲಗೆ ಬಿಟ್ಟು, ಕತ್ತರಿಗೆ ಎಣ್ಣೆ ಹಚ್ಚಿ ಒಳಗಿಟ್ಟರು. ಮುಂದಿನ ತಿಂಗಳ ಕೊನೆಗೆ ಬಾ ಎಂದು ನನಗೆ ಹೇಳಿದ್ದಾರೆ.